ಹೆಂಗಸರ ಹೆಸರಿಗೊಂದು ಟಿಕ್

ಅಕ್ಟೋಬರ್ 5, ಅಲೆಕ್ಸಾಂಡ್ರಿಯಾ, ಆಫೀಸ್

ರಬಾಬ್ ಮದುವೆಯ ವೆಬ್‌ಪೇಜ್ ನನ್ನ ಕೈಗೇ ಬಂತು, ಅತ್ತೆಯೇ ಒಪ್ಪಿಸಿದರು! ಖುಷಿಯಲ್ಲಿ ಟೀ ಆರಿಹೋಯಿತು. ಅತ್ತೆಯ ಊರು ತಂತಾದಿಂದ ಫೋನ್. "ಜೀಹಾನ್, ನಿನ್ನ ನಾದಿನಿ ಮದುವೆ, ನೀನಲ್ದೆ ಇನ್ಯಾರು ಮಾಡ್ತಾರೆ? ನಿಮ್ಮದು ಮಾಡಿದ ಹಾಗೇ ಇರಲಿ."

ಹಾಗೇ... ಖಂಡಿತ.

ನನ್ನ ಮದುವೆಯ ಪೇಜ್ ಕಟ್ಟಿದವಳೂ ನಾನೇ. ನನ್ನ ಹೆಸರು ನಾನೇ ತುಂಬಿದ್ದೆ. "ಮದುಮಗಳ ಹೆಸರನ್ನ ಬೀದಿಗೆ ಹಾಕ್ತಾರೇನೇ?" ಅಂದರು ಅತ್ತೆ. ಹೆಸರನ್ನು ಮರೆಮಾಡಿದೆ. "ವರ: ಹೈಸಮ್. ವಧು: ಹಾಜ್ ಮಹರೂಸ್ ಅವರ ಪುತ್ರಿ" — ಅಷ್ಟೇ. ಅಪ್ಪನಿಗೆ ನಾವು ನಾಲ್ವರು ಹೆಣ್ಣುಮಕ್ಕಳು. ಕಾಲೇಜಿನ ಗೆಳತಿಯರು ಇವತ್ತಿಗೂ ಕೇಳುತ್ತಾರೆ, ಮದುವೆ ಆಗಿದ್ದು ನಿನಗಾ, ತಂಗಿಗಾ? ಕೆಳಗೆ ಮಾತ್ರ ದಪ್ಪ ಅಕ್ಷರ — ಆಹ್ವಾನಿಸುವವರು: ಹಾಜ್ಜಾ ಇನಾಯತ್. ನಮ್ಮತ್ತೆ.

ಹೈಸಮ್ ಆಗ ಸುಮ್ಮನಿದ್ದ. ಎಂಥಾ ಮುದ್ದು ಮುಖ. ಅವನನ್ನು ಕ್ಷಮಿಸಿದ್ದೇನೆ. ಅವನ ಅಮ್ಮನನ್ನಲ್ಲ.

ಅಕ್ಟೋಬರ್ 6

ಟೆಂಪ್ಲೇಟ್ ತಿದ್ದಿದೆ. ನಮ್ಮ ಹಳೆಯ ಪೇಜ್ ಇನ್ನೂ ನೆಟ್‌ನಲ್ಲೇ ಇದೆ, ಎರಡೂ ಮದುವೆಗೆ ಒಂದೇ ಷರತ್ತು. ಹೆಸರುಗಳೆಲ್ಲ ಒಳಗೆ ತುಂಬಿಯೇ ಇರುತ್ತವೆ. "ಹೆಂಗಸರ ಹೆಸರು ತೋರಿಸಿ" — ಟಿಕ್ ಇದ್ದರೆ ಎಲ್ಲವೂ ಹೊರಗೆ. ಇಲ್ಲದಿದ್ದರೆ ಒಂದೂ ಇಲ್ಲ. ಮದುಮಗಳದ್ದೂ, ಅವಳ ಅಮ್ಮನದ್ದೂ. ಟಿಕ್ ಹಾಕುವ ಅಧಿಕಾರ ಅತ್ತೆಗೇ.

ಹೈಸಮ್ ಹೆಗಲ ಮೇಲಿಂದ ಇಣುಕಿದ. "ಅಮ್ಮ ನಿನ್ನ ಸಿಗಿದು ಹಾಕ್ತಾಳೆ." ಕೆನ್ನೆಗೊಂದು ಮುತ್ತು ಕೊಟ್ಟು ಬಾಯಿ ಮುಚ್ಚಿಸಿದೆ.

ಅಕ್ಟೋಬರ್ 11

ಅತ್ತೆ ಟಿಕ್ ಹಾಕಲಿಲ್ಲ. ಸರಿಯಾಗಿ ನೋಡದೆಯೇ ಊರಿಗೆಲ್ಲ ಕಳಿಸಿಬಿಟ್ಟರು. ಮಧ್ಯಾಹ್ನ ಫೋನ್.

"ನನ್ನ ಹೆಸರೆಲ್ಲೇ? ಮದುಮಗಳ ತಾಯಿ ತೀರಿಹೋದಳಾ ಅಂತ ಜನ ಕೇಳ್ತಿದಾರೆ."

"ಹೆಂಗಸರ ಹೆಸರು ಬೀದಿಗೆ ಬೇಡ ಅಂದವರು ನೀವೇ ಅಲ್ವಾ ಅತ್ತೆ?"

"ಹಜ್ ಮಾಡಿ ಬಂದ ಮುದುಕಿ ಕಣೇ ನಾನು."

"ಪೇಜಿಗೆ ವಯಸ್ಸು ಗೊತ್ತಾಗಲ್ಲ."

"ನನ್ನದೊಂದನ್ನ ಹಾಕು, ಸಾಕು."

"ಒಂದೇ ಬರಲ್ಲ. ಟಿಕ್ ಹಾಕಿದ್ರೆ ರಬಾಬ್ ಹೆಸರೂ ಬರುತ್ತೆ. ನಮ್ಮ ಮದುವೆ ಪೇಜಲ್ಲಿ ನಂದೂ."

ಆ ಕಡೆ, ಹಿಂದಿನಿಂದ ರಬಾಬ್ ದನಿ — "ಹಾಕಮ್ಮ, ಮದುವೆ ಯಾರದು ಅಂತ ಜನಕ್ಕೆ ಗೊತ್ತಾಗ್ಲಿ." ಫೋನ್ ಕಟ್.

ಅಕ್ಟೋಬರ್ 16

ಇಷ್ಟು ದಿನ ಅತ್ತೆಯ ಫೋನಿಲ್ಲ. ಹಲ್ವಾಕ್ಕಿಂತ ಸಿಹಿ.

ಇವತ್ತು ಹೈಸಮ್‌ಗೆ ಫೋನ್ ಬಂತು. ಟಿಕ್ ಹಾಕುತ್ತಾರಂತೆ. "ಅವಳ ಮುಖ ನೋಡ್ಕೊಂಡೇ ಹಾಕ್ತೀನಿ" ಅಂದರಂತೆ. ನೋಡಲಿ. ಆಫೀಸಿನ ದೊಡ್ಡ ಸ್ಕ್ರೀನ್ ಮನೆಗೆ ತರುತ್ತೇನೆ. ಮೊದಲು ನನ್ನ ಮದುವೆಯದನ್ನೇ ತೆರೆದಿಡುತ್ತೇನೆ. ಜೀಹಾನ್ — ಜೋರಾಗಿ ಓದಿಸುತ್ತೇನೆ, ಅವರ ಬಾಯಿಂದಲೇ. ಆಮೇಲೆ ಊಟ. ಗುರುವಾರ ಬರುತ್ತಾರೆ, ತಂತಾದಿಂದ ಬೆಳಗಿನ ಎಕ್ಸ್‌ಪ್ರೆಸ್, ಇಳಿಯೋದು ಸೀದಿ ಗಾಬರ್ ಸ್ಟೇಷನ್ನಲ್ಲಿ, ನಾನೇ ಹೋಗಿ ಕರೆತರುತ್ತೇನೆ.