ಒಂಬತ್ತನೆಯ ಸಾಲು

ಹೊಸಪೇಟೆ
೧೦ ಜೂನ್ ೨೦೨೫

ಪ್ರೀತಿಯ ಸಾಗರಣ್ಣ,

ಇವತ್ತು ಬೆಳಿಗ್ಗೆ ಅವ್ವ ಗ್ಯಾಸ್ ಸಿಲಿಂಡರ್ ಬದಲಿಸಿದಳು. ರೆಗ್ಯುಲೇಟರ್ ಕೂರಿಸಿ, ಬಟ್ಟಲಲ್ಲಿ ಸೋಪಿನ ನೊರೆ ಮಾಡಿ ಸುತ್ತಲೂ ಹಚ್ಚಿ, ಕನ್ನಡಕ ಏರಿಸಿಕೊಂಡು ಗುಳ್ಳೆ ಏಳುತ್ತದೆಯೇ ಎಂದು ನೋಡಿದಳು. ನಾನು ಆಗಲೇ ನೋಡಿದ್ದೇನೆ ಎಂದರೂ ಕೇಳಲಿಲ್ಲ. "ನೀ ನೋಡಿದ್ದು ನಿನಗಾತು. ಒಲಿ ಹಚ್ಚಾಕಿ ನಾನು" ಎಂದಳು. ವರ್ಷಗಳಿಂದ ಹೀಗೇ ಮಾಡುತ್ತಿರಬೇಕು. ನನ್ನ ಕಣ್ಣಿಗೆ ಬಿದ್ದದ್ದು ಇವತ್ತು. ಚಹಾ ಅಲ್ಲೇ ಬಿಟ್ಟು ಎದ್ದೆ.

ಫೋನಿನಲ್ಲಿ ನಿನ್ನ ಜೊತೆ ನಾನು ಹೂಂ ಎನ್ನುವುದರಲ್ಲೇ ಮುಗಿಸುತ್ತೇನೆ. ಅದಕ್ಕೇ ಈ ಪತ್ರ.

ಮುರುಡೇಶ್ವರದ ನಿಮ್ಮ ಡೈವಿಂಗ್ ಶಾಲೆಯ ಮಾಲೀಕರ ಕಿರುಪುಸ್ತಕದ ಅನುವಾದ ಮುಗಿದಿದೆ, ಕೊನೆಯ ಒಂದು ವಾಕ್ಯ ಬಿಟ್ಟು. 'ಇನ್ನು ಕೆಲವೇ ವರ್ಷಗಳಲ್ಲಿ, ರಜೆಗೆಂದು ಸಮುದ್ರಕ್ಕೆ ಬರುವ ಯಾರು ಬೇಕಾದರೂ ರೀಬ್ರೀದರ್ ಹಾಕಿಕೊಂಡು ಮುಳುಗಬಹುದು.' ಇದು ನಿಜವಾಗುತ್ತದೆಯೇ ಎಂದು ನೀನೂ ನನ್ನನ್ನು ಕೇಳಿದ್ದೆ. ಆಗಲಿ ಎಂಬ ಆಸೆ ನನಗೂ ಇದೆ. ನಾವು ಬಿಟ್ಟ ಉಸಿರನ್ನೇ ಸುಣ್ಣದಂಥ ಹರಳುಗಳಲ್ಲಿ ಸೋಸಿ, ಖರ್ಚಾದಷ್ಟು ಆಮ್ಲಜನಕ ಬೆರೆಸಿ ಮತ್ತೆ ಬಾಯಿಗೆ ಕೊಡುವ ಯಂತ್ರ. ಗುಳ್ಳೆಯಿಲ್ಲ, ಸದ್ದಿಲ್ಲ, ಮೀನು ಓಡಿಹೋಗುವುದಿಲ್ಲ, ಹೆಚ್ಚು ಹೊತ್ತು ಕೆಳಗಿರಬಹುದು. ಮುಂದೆ ಬೆಲೆಯೂ ಇಳಿದೀತು, ಭಾರವೂ. ಆದರೆ ಸಾದಾ ಸಿಲಿಂಡರ್ ತೀರುತ್ತ ಬಂದರೆ ಗಾಳಿ ಎಳೆಯುವುದೇ ಕಷ್ಟವಾಗಿ ತಿಳಿಯುತ್ತದೆ. ಉಸಿರು ಹಿಡಿದು ಮುಳುಗುವ ಜಂಬಯ್ಯ ತಾತನಿಗೆ ಎದೆ ಉರಿದು ತಿಳಿಯುತ್ತದೆ. ಈ ಯಂತ್ರದಲ್ಲಿ ಆಮ್ಲಜನಕ ತೀರಿದರೂ ಉಸಿರು ಸಲೀಸಾಗಿಯೇ ಬರುತ್ತದೆ. ಮನುಷ್ಯ ಗಾಬರಿಯನ್ನೂ ಪಡದೆ ಪ್ರಜ್ಞೆ ತಪ್ಪುತ್ತಾನೆ. ಅದಕ್ಕೇ, ನೀರಿಗಿಳಿಯುವ ಮೊದಲು ಒಂದೊಂದನ್ನೂ ನೋಡಿ ಟಿಕ್ ಹಾಕಬೇಕಾದ ಆ ಹನ್ನೆರಡು ಸಾಲಿನ ಪಟ್ಟಿ. ಎರಡು ದಿನದ ರಜೆಗೆ ಬಂದವರು ಅದನ್ನು ಪ್ರತಿ ಸಲ ಕೂತು ಓದುತ್ತಾರೆಯೇ? ಎಲ್ಲ ತಿಳಿದಿದ್ದ ನಾವೇ ಓದಲಿಲ್ಲ.

ಏಪ್ರಿಲ್‌ನ ಆ ಮಧ್ಯಾಹ್ನವನ್ನು ನಾವಿಬ್ಬರೂ ಒಮ್ಮೆಯೂ ಪೂರ್ತಿ ಮಾತಾಡಿಲ್ಲ. ಮಲಪನಗುಡಿಯ ಹೊನ್ನೂರಪ್ಪ ಮಾವನ ತೋಟದ ಬಾವಿ. ಊರವರಿಗೆ ತೋರಿಸಿ ವೀಡಿಯೋ ಮಾಡಬೇಕೆಂದು ನೀನು ಯಂತ್ರ ತಂದಿದ್ದೆ. ಜೊತೆಗೆ ಅದನ್ನು ನೋಡಿಕೊಳ್ಳುವ ಪಂಪೇಶ್. ದಾರಿಯಲ್ಲಿ ಸೋರದಿರಲೆಂದು ಆಮ್ಲಜನಕದ ವಾಲ್ವ್ ಮುಚ್ಚಿದ್ದೇನೆ ಎಂದು ಅವನು ನಮ್ಮಿಬ್ಬರಿಗೂ ಹೇಳಿದ್ದ. ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಮನೆಯಲ್ಲೇ ಉಳಿದಿತ್ತು. ತರಲು ಬೈಕ್ ಹತ್ತುವಾಗ, "ನಾ ಬರೋತನ ನೀರಿಗೆ ಇಳೀಬ್ಯಾಡ್ರಿ ಅಣ್ಣಾರ" ಎಂದ. ನೀನು ಅವನಿಗೆ ಕಾಯದೆ, ತೂಕಕ್ಕೆ ಬಾವಿಯ ಕಲ್ಲನ್ನೇ ಚೀಲದಲ್ಲಿ ಕಟ್ಟಿಕೊಂಡೆ.

ಊರ ಬಾವಿಗಳಿಂದ ಕೊಡ, ಮೋಟಾರು ಎತ್ತಿಕೊಡುವ ಜಂಬಯ್ಯ ತಾತ ನಿನ್ನ ಸೊಂಟಕ್ಕೆ ಹಗ್ಗ ಬಿಗಿದ. ಮೇಲಿನಿಂದ ಜಗ್ಗಿದರೆ ಕೆಳಗಿನವನು ತಿರುಗಿ ಜಗ್ಗಬೇಕು. ಅದು ಅವನ ನೇಮ.

"ತಾತ, ಇದು ಕೊಡ ತಗಿಯೋ ಕೆಲಸ ಅಲ್ಲ. ಇದರಾಗ ಕಂಪ್ಯೂಟರ್ ಐತಿ" ಎಂದು ನೀನು ನಕ್ಕೆ.

"ಇರಲಿ ಬಿಡಪ, ಕಂಪ್ಯೂಟರಿಗೂ ಒಂದು ಹಗ್ಗ ಇರಲಿ" ಎಂದ ತಾತ.

ಪಟ್ಟಿ ನನ್ನ ಕೈಯಲ್ಲಿತ್ತು. ಅಷ್ಟು ಜನರ ಎದುರು ನನ್ನ ದನಿ ಏಳಲಿಲ್ಲ. ಎಂಟು ಸಾಲು ಹೇಗೋ ಓದಿದೆ. "ಜಲ್ದಿ ಮುಗಿಸವ್ವಾ, ಮಂದಿ ಕಾಯಾಕತ್ತಾರ. ಉಳಿದಿದ್ದಕ್ಕ ಟಿಕ್ ಹಾಕು" ಎಂದೆ ನೀನು. ಒಂಬತ್ತನೆಯದು, ಆಮ್ಲಜನಕದ ವಾಲ್ವ್ ತೆರೆದಿದೆ. ಹತ್ತನೆಯದು, ದಡದಲ್ಲೇ ಐದು ನಿಮಿಷ ಕೂತು ಉಸಿರಾಡಿ ಅಂಕಿಗಳನ್ನು ನೋಡಲಾಗಿದೆ. ನಾನು ಟಿಕ್ ಹಾಕಿದೆ. ನೀನು ನೀರಿಗೆ ಇಳಿದೆ.

"ಗುಳ್ಳೀನ ಬರವಲ್ವಲ್ಲೋ, ಅಂವ ಒಳಗ ನಿದ್ದಿ ಹೊಡಿಯಾಕತ್ತಾನೇನು" ಎಂದು ಯಾರೋ ನಗಿಸಿದರು. ನಾನೂ ನಕ್ಕೆ. ಗುಳ್ಳೆ ಬಾರದಿರುವುದೇ ಇದರ ಗುಣ ಎಂದು ಪಕ್ಕದವರಿಗೆ ವಿವರಿಸಿದೆ. ತಾತ ಮಾತ್ರ ನಗಲಿಲ್ಲ. ಜಗ್ಗಿದ. ಮತ್ತೆ ಜಗ್ಗಿದ. ಆಮೇಲೆ ಎಳೆಯತೊಡಗಿದ. ನಿನ್ನ ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು.

ನೀನು ಮಾಲೀಕರಿಗೆ ಕೊಟ್ಟ ವರದಿಯಲ್ಲಿ, ಪಟ್ಟಿಯಂತೆ ಎಲ್ಲವನ್ನೂ ಪರೀಕ್ಷಿಸಲಾಗಿತ್ತು, ಪಂಪೇಶ್ ಆಮ್ಲಜನಕ ಅಳೆಯುವ ಸೆನ್ಸರ್ ಬದಲಿಸದೆ ಹಳೆಯದನ್ನೇ ಬಿಟ್ಟಿದ್ದರಿಂದ ಹೀಗಾಯಿತು ಎಂದು ಬರೆದೆ. ನನ್ನ ಟಿಕ್ಕುಗಳೇ ಸಾಕ್ಷಿ. ಆ ವರದಿಯ ಕಾಗುಣಿತ ತಿದ್ದಿಕೊಟ್ಟವಳೂ ನಾನೇ.

ಮೊನ್ನೆ ಭಾನುವಾರ ಕಂಪ್ಲಿಗೆ ಹೋಗಿದ್ದೆ. ಕೆಲಸದಿಂದ ನಿಲ್ಲಿಸಿದ ಮೇಲೆ ಪಂಪೇಶ್ ಅಲ್ಲಿ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದಾನೆ. ಬೈಯುತ್ತಾನೆ ಎಂದುಕೊಂಡಿದ್ದೆ. ಕುಂದ್ರಿ ಎಂದು ಸ್ಟೂಲು ಒರೆಸಿಕೊಟ್ಟ. "ಮಾರ್ಚ್‌ನಾಗ ಹೊಸಾ ಸೆನ್ಸರ್ ಹಾಕೀನ್ರಿ ಅಕ್ಕಾರ. ಆದ್ರ ಈಗ ನನಗ ಡೌಟ್ ಬರಾಕತ್ತೈತಿ, ಹಾಕೀನೋ ಇಲ್ಲೋ ಅಂತ. ನಿಮ್ಮಣ್ಣಾರ ಜೀವ ನನ್ನ ಕೈಯಾಗ ಹೋಗ್ತಿತ್ತು ನೋಡ್ರಿ" ಎಂದ. ವಾಲ್ವಿನ ಮಾತು ಎತ್ತದೆ ನಾನು ಬಸ್ಸು ಹತ್ತಿ ಬಂದೆ. ತಾನು ಸರಿಯಾಗಿ ಮಾಡಿದ ಕೆಲಸವನ್ನೇ ಅವನು ಅನುಮಾನಿಸುವಂತೆ ಮಾಡಿದ್ದೇವೆ, ಅಣ್ಣ. ಕೆಲಸ ಹೋದದ್ದಕ್ಕಿಂತ ಅದೇ ನನಗೆ ಕಷ್ಟವಾಗಿದೆ.

ಜನ ನನ್ನನ್ನು ಮೂಗಿ ಎಂದುಕೊಂಡಿದ್ದಾರೆ. ಮಾತಾಡದವರಿಗೆ ನೋಡುವುದೊಂದೇ ಕೆಲಸ. ನಾನು ಒಂಬತ್ತನೆಯ ಸಾಲಿಗೆ ಟಿಕ್ ಹಾಕುವಾಗ ನಿನ್ನ ಕೈ ವಾಲ್ವಿನ ಕಡೆ ಹೋಗಲಿಲ್ಲ. ಅದನ್ನು ನೋಡಿದೆ, ಸುಮ್ಮನಿದ್ದೆ. ಪ್ರಜ್ಞೆ ಬಂದು, ಅವ್ವ ಎಂದು ಕರೆಯುವ ಮೊದಲೇ ನೀನು ಬೆನ್ನ ಹಿಂದೆ ಕೈ ಹಾಕಿ ಮುಚ್ಚಿದ್ದ ವಾಲ್ವನ್ನು ತಿರುಗಿಸಿ ತೆರೆದೆ. ಅದನ್ನೂ ನೋಡಿದೆ.

ನೀನು ಕೆಟ್ಟವನಲ್ಲ. ಮಳೆಗಾಲ ಕಳೆದ ಮೇಲೆ ರೀಬ್ರೀದರ್ ಕಲಿಸುವ ತರಬೇತಿ ನಿನ್ನ ಕೈಗೇ ಬರುತ್ತದೆ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿಜ ಹೇಳಿದರೆ ಅದು ತಪ್ಪೀತು, ನನಗೆ ಗೊತ್ತು. ಆದರೂ ನೀನೇ ಮಾಲೀಕರಿಗೆ ಬರೆ. ನೀನು ಬರೆದರೆ ಅದು ಬೇರೆಯೇ ಆಗುತ್ತದೆ. ಎಂಟು ದಿನ ಕಾಯುತ್ತೇನೆ.

ನಿನ್ನ ಜೀವ ಉಳಿದದ್ದಕ್ಕೆ ದಿನವೂ ಕೈ ಮುಗಿಯುವ
ತಂಗಿ,
ಸುಕನ್ಯಾ

ಮರೆತ ಮಾತು: ಎಂಟು ದಿನ ಎಂದು ಮೇಲೆ ಬರೆದದ್ದು ಸುಳ್ಳು. ಮಾಲೀಕರು ನಡೆಸುವ ಪಂಪೇಶನ ಕೊನೆಯ ವಿಚಾರಣೆ ಬರುವ ಸೋಮವಾರವೇ ಎಂದು ಅವನೇ ಹೇಳಿದ. ನಿಮ್ಮ ಮಾಲೀಕರಿಗೆ ಬರೆದದ್ದನ್ನು ಇವತ್ತು ಹನ್ನೊಂದು ಗಂಟೆಗೆ ದೊಡ್ಡ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ಬಂದು, ಆಮೇಲೆ ಇದನ್ನು ಬರೆಯಲು ಕೂತೆ. ಅದರಲ್ಲಿ ನಾನು ಮಾಡಿದ್ದಷ್ಟೇ ಇದೆ. ನೀನು ಮಾಡಿದ್ದನ್ನು ಬರೆದಿಲ್ಲ. ಸೋಮವಾರ ನಾನೂ ಮುರುಡೇಶ್ವರಕ್ಕೆ ಬರುತ್ತಿದ್ದೇನೆ. ಕೇಳಿದರೆ ಹೇಳುತ್ತೇನೆ.