ಐವತ್ತರವರೆಗಿನ ಎಣಿಕೆ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ಒಂಬತ್ತು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಭಾವನ ಕೆಮ್ಮು? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಕಲ್ಲಿನಿಂದ ಯಾರಿಗೂ ಉಪಯೋಗವಿಲ್ಲ ಅನ್ನುವುದು ಬೇರೆ ಮಾತು. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ದಿನಕ್ಕೆ ನಾಲ್ಕು ಸಲ ನನ್ನನ್ನು ಬೈಯುವಷ್ಟು. ಅಪ್ಪನ ಬಲಗೈ ಮಾತ್ರ ಕೈಕೊಟ್ಟಿದೆ. ಎರಡು ಬೆರಳು ಇನ್ನು ಮಡಚುವುದಿಲ್ಲವೆಂದು ಡಾಕ್ಟರು ಮೊನ್ನೆ ಹೇಳಿಬಿಟ್ಟರು.

ಫೋನಿನಲ್ಲಿ ನಿನಗೆ ಅರ್ಧವೇ ಹೇಳಿದ್ದೆ. ಎರಡು ತಿಂಗಳ ಹಿಂದೆ ಒಂದು ಹಳೇ ಆಂಪ್ಲಿಫೈಯರ್ ರಿಪೇರಿಗೆ ಬಂತು, ಒಳಗೆ ಮುನ್ನೂರು ವೋಲ್ಟ್ ತುಂಬಿಕೊಂಡ ದಪ್ಪ ಕೆಪ್ಯಾಸಿಟರ್. ಸ್ವಿಚ್ ಆರಿಸಿದರೂ ಅದು ಒಳಗಿನದನ್ನು ಬಿಟ್ಟುಕೊಡುವುದಿಲ್ಲ, ಅಮ್ಮ ಹಳೇ ಜಗಳ ಬಿಟ್ಟುಕೊಡದ ಹಾಗೆ. ಅದನ್ನು ಇಳಿಸುವುದಕ್ಕೇ ಅಪ್ಪನ ಮರದ ಕೋಲು: ತುದಿಯಲ್ಲಿ ಎರಡು ಕ್ಲಿಪ್ಪು, ನಡುವೆ ಟೇಪು ಸುತ್ತಿದ ಹತ್ತು ಸಾವಿರ ಓಮ್‌ನ ರೆಸಿಸ್ಟರ್. ಸಿಕ್ಕಿಸಿ ಐವತ್ತು ಎಣಿಸಿದ ಮೇಲೇ ಒಳಗೆ ಕೈ. ಚಿಕ್ಕಂದಿನಲ್ಲಿ ನೀನು ಇಂಥದ್ದೇ ಒಂದಕ್ಕೆ ಮೀಟರ್ ಹಿಡಿದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೆಯಲ್ಲ: ಹತ್ತಕ್ಕೆ ನೂರಹತ್ತು ವೋಲ್ಟ್, ಇಪ್ಪತ್ತಕ್ಕೆ ನಲವತ್ತೊಂದು, ಮೂವತ್ತಕ್ಕೆ ಹದಿನೈದು, ನಲವತ್ತಕ್ಕೆ ಐದೂವರೆ, ಐವತ್ತಕ್ಕೆ ಎರಡು. ಅದು ಇನ್ನೂ ಅಳಿಸಿಲ್ಲ. ಕೆಪ್ಯಾಸಿಟರಿನ ಸಾವಿರ ಮೈಕ್ರೊಫ್ಯಾರಡನ್ನು ರೆಸಿಸ್ಟರಿನ ಹತ್ತು ಸಾವಿರ ಓಮ್‌ನಿಂದ ಗುಣಿಸಿದರೆ ಹತ್ತು ಸೆಕೆಂಡು, ಪ್ರತಿ ಹತ್ತು ಸೆಕೆಂಡಿಗೂ ಇದ್ದದ್ದರಲ್ಲಿ ಮೂರನೇ ಒಂದಕ್ಕಿಂತ ಚೂರು ಹೆಚ್ಚು ಉಳಿಯುತ್ತದೆ ಎಂದು ನಾನು ಕಾಲೇಜಿನ ಲ್ಯಾಬಿನಲ್ಲಿ ಬೋರ್ಡು ತುಂಬ ಗೀಚಿ ಕಲಿಸುತ್ತೇನೆ. ಅಪ್ಪ ಸೂತ್ರದ ಗೊಡವೆಯಿಲ್ಲದೆ ಬಾಯಲ್ಲೇ ಎಣಿಸಿ ನಲವತ್ತು ವರ್ಷ ಬಾಳಿದರು.

ಆ ದಿನವೂ ಐವತ್ತು ಎಣಿಸಿದರಂತೆ. ಮುಟ್ಟಿದರು. ಸ್ಟೂಲಿನಿಂದಾಚೆ ಹೋಗಿ ಬಿದ್ದರು. ತಡೆಯುವ ರೋಧನಕ್ಕೂ ಅಳುವ ರೋದನಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ. ಅಪ್ಪನ ಪ್ರಾಣ ಉಳಿದದ್ದೇ ದೊಡ್ಡದು. "ಎಣಿಕೆ ತಪ್ಪಿತು ಕಣೇ, ನನ್ನ ತಲೆ ಹೋಯ್ತು" ಎಂದರು. "ವಯಸ್ಸಾಯ್ತಲ್ಲ, ಇನ್ನೇನು" ಎಂದಳು ಅಮ್ಮ. ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಬಾಯಿ ಮುಚ್ಚಿದ್ದನ್ನು ನೋಡಿಯಾದರೂ ಯಾರಿಗಾದರೂ ಅನುಮಾನ ಬರಬೇಕಿತ್ತು.

ಬೆರಳು ಹೋದದ್ದಕ್ಕೆ ಅವರು ಅಳಲಿಲ್ಲ ಅಕ್ಕಾ. ಈಗ ಎಲ್ಲದಕ್ಕೂ ಎಣಿಸುತ್ತಾರೆ. ನಲ್ಲಿ ನಿಲ್ಲಿಸಿ ಎಣಿಸುತ್ತಾರೆ, ಕಾಫಿ ಲೋಟ ಮುಟ್ಟುವ ಮುಂಚೆ ಎಣಿಸುತ್ತಾರೆ. ಮೂವತ್ತರ ಹತ್ತಿರ ಅನುಮಾನ ಬಂದು ಮತ್ತೆ ಒಂದರಿಂದ ಶುರು. ಅಷ್ಟರಲ್ಲಿ ಕಾಫಿ ಆರಿ ನೀರು. ಎಡಗೈಯಲ್ಲೇ ಬೆಸುಗೆ ಹಾಕಬಲ್ಲರು, ಒಂದು ಸಲ ನನ್ನೆದುರಿಗೇ ಹಾಕಿದರು, ನನ್ನ ಬಲಗೈಗಿಂತ ನೀಟಾಗಿ. ಹಾಕಿ ಬೆಸುಗೆಯ ಕಡ್ಡಿ ಕೆಳಗಿಟ್ಟು, "ಎಣಿಸೋಕೆ ಬರದವನು ಈ ಬೆಂಚಲ್ಲಿ ಕೂರಬಾರದು" ಎಂದರು. ಇನ್ನು ಹತ್ತು ದಿನಕ್ಕೆ ಗುಜರಿಯವನು ಬಂದು ಬೆಂಚು, ಮೀಟರು, ಡಬ್ಬಿಗಳನ್ನೆಲ್ಲ ಒಯ್ಯುತ್ತಾನೆ. ಗೋಡೆಗೆ ಸುಣ್ಣ ಹೊಡೆಸುತ್ತಾರಂತೆ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ಅವರು ತಡೆದುಕೊಳ್ಳುವಷ್ಟು ಮುತ್ತು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇಂತಿ ನಿನ್ನ
ತಲೆಹರಟೆ ತಮ್ಮ

ವಿ.ಸೂ.: ಅಂಚೆಯವರು ಬಾಗಿಲು ಹಾಕುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಅಪ್ಪನ ಎಣಿಕೆ ತಪ್ಪಿರಲಿಲ್ಲ. ಅದರ ಹಿಂದಿನ ವಾರ ಕೋಲಿನ ಹಳೇ ರೆಸಿಸ್ಟರ್ ಮುರಿದಿತ್ತು; ಬದಲಿಸಿಕೊಟ್ಟವನು ನಾನು. ವೋಲ್ಟಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ರೆಸಿಸ್ಟರ್ ತಡೆದುಕೊಳ್ಳಬೇಕಾದ ವ್ಯಾಟು, ದಿನಾ ಕಲಿಸುವ ಲೆಕ್ಕ. ಆದರೆ ಲ್ಯಾಬಿನಲ್ಲಿ ನಮ್ಮ ಲೆಕ್ಕವೆಲ್ಲ ಹನ್ನೆರಡು ವೋಲ್ಟಿಗೇ. ರೂಢಿಯ ಮೇಲೆ ಹನ್ನೆರಡೇ ಹಾಕಿದೆ. ಒಂದು ವ್ಯಾಟಿನ ಎಪ್ಪತ್ತರಲ್ಲೊಂದು ಪಾಲು ಬಂತು. ಜೇಬಿನಲ್ಲಿದ್ದ ಕಾಲು ವ್ಯಾಟಿನದನ್ನು ಸೇರಿಸಿ ಟೇಪು ಸುತ್ತಿದೆ. ಮುನ್ನೂರು ಹಾಕಿದ್ದರೆ ಒಂಬತ್ತು ವ್ಯಾಟ್ ಬರುತ್ತಿತ್ತು. ನನ್ನ ಕಾಲು ವ್ಯಾಟಿನದು ಟೇಪಿನೊಳಗೇ ಸುಟ್ಟು ತುಂಡಾಯಿತು. ಆಮೇಲೆ ಅಪ್ಪ ಐವತ್ತಲ್ಲ, ಐನೂರು ಎಣಿಸಿದ್ದರೂ ಕೆಪ್ಯಾಸಿಟರ್ ಖಾಲಿಯಾಗುತ್ತಿರಲಿಲ್ಲ.

ನಿನ್ನೆ ಕೊನೆಗೂ ಅವರಿಗೆ ಹೇಳಿದೆ, ಲೆಕ್ಕ ಬರೆದೂ ತೋರಿಸಿದೆ. ನಕ್ಕರು. "ನನ್ನ ಸಮಾಧಾನಕ್ಕೆ ಎಷ್ಟು ಚೆನ್ನಾಗಿ ಕಟ್ಟಿದ್ದೀಯೋ, ಲೆಕ್ಕದ ಸಮೇತ!" ಸುಟ್ಟ ತುಂಡು ಕೈಗಿಟ್ಟರೆ, "ಈ ಅಂಗಡೀಲಿ ಸುಟ್ಟದ್ದಕ್ಕೇನೋ ಬರ?" ಎಂದರು. ಹುಟ್ಟಿದಾಗಿನಿಂದ ನನ್ನ ತಮಾಷೆಗೆ ಅಪ್ಪ ನಕ್ಕದ್ದು ಇದೊಂದೇ ಸಲ.

ಆ ತುಂಡು ಈ ಲಕೋಟೆಯಲ್ಲಿದೆ. ಫೋನಿನಲ್ಲಿ ಹೇಳಿದರೆ ಅವರ ಕಿವಿಗೆ ಬೀಳುವುದಿಲ್ಲ, ಎಣಿಕೆ ಸರಿಯಿತ್ತೆಂದು ನೀನೇ ಅವರಿಗೆ ಬರೆ. ನೀನು ಜನ್ಮದಲ್ಲಿ ತಮಾಷೆ ಮಾಡಿದವಳಲ್ಲ. ನಾನೇ ಬರೆಸಿದೆ ಅನ್ನುತ್ತಾರೆ, ಗೊತ್ತು. ಆದರೂ ಬರೆ ಅಕ್ಕಾ.