ಗುಳೇದಗುಡ್ಡದಲ್ಲಿ ತಡೆದ ಅಂಟುಮದ್ದು

ಬಾಗಲಕೋಟೆ, ಶ್ರಾವಣ, ಇಸವಿ ೨೨೪೭

ಡಾಕ್ಟರರ ಬಾಗಿಲಲ್ಲಿ ಬ್ಯಾಗು ಹಿಡಿದು ಕಾಯುವ ಹಿರಿಯರೇ,

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಇಷ್ಟು ಕಾಲದಲ್ಲಿ ಕನ್ನಡವೂ ಸವೆದು ಬೇರೆ ಆಕಾರ ಪಡೆದಿದೆ. ನಿಮ್ಮನ್ನು ಮೆಡಿಕಲ್ ರೆಪ್ ಎನ್ನುತ್ತಿದ್ದರಂತೆ. ನಮ್ಮನ್ನು ಮದ್ದುದೂತರು ಎನ್ನುತ್ತಾರೆ. ಗುಳಿಗೆಗಳು ಈಗಿಲ್ಲ. ಕಿವಿಯ ಹಿಂದೆ ಹಚ್ಚಿಕೊಳ್ಳುವ ಅಂಟುಮದ್ದು ತಿಂಗಳುಗಟ್ಟಲೆ ಮೈಗೆ ಇಳಿಯುತ್ತಲೇ ಇರುತ್ತದೆ. ರೋಗ ಯಾವುದೆಂದು ಯಂತ್ರವೇ ಹೇಳುತ್ತದೆ. ಆದರೆ ಯಾವ ಕಂಪನಿಯ ಮದ್ದು ಎಂಬುದನ್ನು ಡಾಕ್ಟರರೇ ಆರಿಸಬೇಕೆಂಬ ಕಾನೂನು ಉಳಿದಿದೆ. ಹಾಗಾಗಿ ನಮ್ಮ ಬೆಂಚು, ಬೆವರು, ತಿಂಗಳ ಟಾರ್ಗೆಟ್ಟು ಕೂಡ ಉಳಿದಿವೆ.

ಹೋದ ವಾರ ಗುಳೇದಗುಡ್ಡದ ಡಾಕ್ಟರ್ ನದಾಫರ ದವಾಖಾನೆಗೆ ಹೋಗಿದ್ದೆ. ಹೊಸದಾಗಿ ಬಂದ ನಮ್ಮ ಕೀಲುನೋವಿನ ಮದ್ದಿನ ಬಗ್ಗೆ ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

"ನೀಲಗಂಗಾ, ಇದನ್ನ ಹಚ್ಚಿಕೊಂಡವರಿಗೆ ಕಣ್ಣು ಮಂಜಾಗಾಕತ್ಯಾವ. ನಿಮ್ಮ ಕಂಪನ್ಯಾಗ ಯಾರಿಗರೆ ಗೊತ್ತೈತೇನು?"

ಹೊರಗೆ ಬಂದು ನಮ್ಮ ಮ್ಯಾನೇಜರ್ ಅರಕೇರಿಯವರಿಗೆ ಕರೆ ಮಾಡಿ ಇದನ್ನು ಹೇಳಿದೆ. ಅವರು ಬೆಚ್ಚಲಿಲ್ಲ. ಅದೇ ನನ್ನನ್ನು ಹೆದರಿಸಿತು.

"ಗೊತ್ತೈತಿ. ಸರಿ ಮಾಡಾಕತ್ತಾರ. ಅಲ್ಲೀತನಕ ವಯಸ್ಸಿನಿಂದ ಹಂಗಾಗ್ತೈತಿ ಅಂತ ಹೇಳು."

"ಸರ್, ಮಂದಿ ಕಣ್ಣು ಹೊಂಟಾವ!"

"ನಿನ್ನ ಕೆಲಸ ಹೇಳೂದು. ಕೇಳೂದಲ್ಲ."

ಅಷ್ಟರಲ್ಲಿ ಬೆಂಚಿನ ತುದಿಯಲ್ಲಿ ಕುಳಿತಿದ್ದ ಖಣ ನೇಯುವ ಸಂಗವ್ವ, ಹೋದ ಸಲ ಡಾಕ್ಟರರು ಕೊಟ್ಟಿದ್ದ ಅದೇ ಮದ್ದಿನ ಹಾಳೆ ಸುಲಿದು ಕಿವಿಯ ಹಿಂದಕ್ಕೆ ಒಯ್ದಳು. ಓಡಿಹೋಗಿ ಅವಳ ಕೈ ಹಿಡಿದೆ.

"ಬ್ಯಾಡಬೇ, ಹಚ್ಚಬ್ಯಾಡ!"

"ಯಾಕ ತಂಗಿ? ಇದು ನಿಮ್ಮ ಕಂಪನಿದ ಅಲ್ಲೇನು?"

ಹೌದೆಂದೆ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಕರೆ ಇನ್ನೂ ಕಡಿದಿರಲಿಲ್ಲ. ಅರಕೇರಿಯವರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದೆ: "ಹಚ್ಚಿಕೊಂಡವರು ಈಗಿಂದೀಗ ಕಿತ್ತು ಒಗೀರಿ. ಕಣ್ಣಿಗೆ ಹೊಡಿತೈತಿ. ಕಂಪನಿಗೂ ಗೊತ್ತೈತಿ."

ಸಂಜೆಯೊಳಗೆ ನನ್ನ ಕೆಲಸ ಹೋಯಿತು. ನದಾಫರು ಸರ್ಕಾರಕ್ಕೆ ದೂರು ಕೊಟ್ಟಿದ್ದಾರೆ, ನಾನು ಸಾಕ್ಷಿ. ಗುಳೇದಗುಡ್ಡದಲ್ಲಿ ಆ ಮದ್ದು ನಿಂತಿದೆ. ಉಳಿದ ಊರುಗಳಲ್ಲಿ ನನ್ನ ಜೊತೆಯವರು ಇವತ್ತೂ ಅದನ್ನು ಹೊಗಳುತ್ತಿದ್ದಾರೆ. ಕೆರೂರಿನ ಕಡೆ ಓಡಾಡುವ ಶಹನಾಜಳಿಗೆ ಬೆಳಿಗ್ಗೆಯಿಂದ ಕರೆ ಮಾಡುತ್ತಿದ್ದೇನೆ. ಎತ್ತುತ್ತಿಲ್ಲ. ನನ್ನ ಜೊತೆ ಮಾತಾಡಬಾರದೆಂದು ಎಲ್ಲರಿಗೂ ಅಪ್ಪಣೆಯಾಗಿದೆಯಂತೆ.

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಡಾಕ್ಟರರು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಾಗ ನಕ್ಕು ಮುಂದಿನ ಊರಿನ ಬಸ್ಸು ಹತ್ತಬೇಡಿ. ಉತ್ತರ ಸಿಗುವವರೆಗೆ ಅಲ್ಲೇ ನಿಲ್ಲಿ.

ಇನ್ನು ಬರೆಯಲು ವ್ಯವಧಾನವಿಲ್ಲ. ಕೆರೂರಿನ ದವಾಖಾನೆ ಸಂಜೆ ತೆರೆಯುವ ಮೊದಲು ನಾನು ಆ ಬಾಗಿಲಲ್ಲಿರಬೇಕು.

ನಿಮ್ಮ ಕಸುಬಿನವಳು,
ನೀಲಗಂಗಾ ಹಡಪದ